ಬಚ್ಚಲ ಗೂಡಿನ ಟ್ಯೂಬು

ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದರೂ ಪಾಚು ಅಳಲಿಲ್ಲ. ಅಜ್ಜಿ ಬ್ರಿಜಿತ್ತ ಇನ್ನೊಮ್ಮೆ ಒರೆಸಿ ನೋಡಿದಳು. ಮುಖಕ್ಕೆ ನೀರು ತಾಗಿತೆಂದರೆ ಊರು ಒಂದು ಮಾಡುವ ಕೂಸು ಅದು. ಈಗ ಕಣ್ಣು ಅರ್ಧ ತೆರೆಯಿತು, ಅಜ್ಜಿಯನ್ನು ಕಂಡಿತೋ ಇಲ್ಲವೋ, ಹಾಗೇ ಮುಚ್ಚಿಕೊಂಡಿತು. ಪುಟ್ಟ ಕೈಯನ್ನು ಎತ್ತಿ ಬಿಟ್ಟರೆ ಬಲೆಯಿಂದ ಬಿಡಿಸಿದ ಮೀನಿನಂತೆ ಚಾಪೆಯ ಮೇಲೆ ಬಿತ್ತು.

ನಿನ್ನೆ ಮಧ್ಯಾಹ್ನದಿಂದ ಮೈ ಕಾದಿತ್ತು. ಕುಡಿದ ಹಾಲನ್ನೆಲ್ಲ ಕಾರಿಕೊಂಡಿತ್ತು. ಹಲ್ಲು ಬರುವ ಜ್ವರ, ನನ್ನ ಮಕ್ಕಳಿಗೆಲ್ಲ ಬಂದಿತ್ತು ಎಂದು ಬ್ರಿಜಿತ್ತ ಧೈರ್ಯ ಹೇಳಿ ಮಗಳನ್ನು ಕೆಲಸಕ್ಕೆ ಕಳಿಸಿದ್ದಳು. ಮಗಳು ಜಸಿಂತ ಬೆಳಕು ಹರಿಯುವ ಮುಂಚೆ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗಿಯಾಗಿತ್ತು. ಅಳಿಯ ಕ್ಲೀಟಸ್ ಬೋಟಿನಲ್ಲಿದ್ದ; ಸಮುದ್ರದ ಯಾವ ಮೂಲೆಯಲ್ಲೋ, ಯಾರಿಗೆ ಗೊತ್ತು.

"ಮರ್ತಾ! ಏ ಮರ್ತಾ! ಬಾರೇ ಇಲ್ಲಿ, ಮಗು ಕಣ್ಣೇ ಬಿಡ್ತಿಲ್ಲ."

ಬೇಲಿಯಾಚೆ ಸಿಗಡಿ ಬುಟ್ಟಿಯ ಮುಂದೆ ಕೂತಿದ್ದ ಮರ್ತ ಕೈ ಕೂಡ ತೊಳೆಯದೆ ಓಡಿ ಬಂದಳು. ಮಗುವನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ನಾನು ಅವತ್ತೇ ಬಡ್ಕೊಂಡೆ. ಕಪ್ಪು ಬೊಟ್ಟು ದೊಡ್ಡದಾಗಿ ಇಡೇ ಅಂತ. ನೀನು ಸೂಜಿ ಮೊನೆಯಷ್ಟು ಇಟ್ಟು ಇಗರ್ಜಿ ತುಂಬ ಮೆರೆಸಿದೆ."

"ಉಪ್ಪು, ಮೆಣಸಿನಕಾಯಿ ನಿವಾಳಿಸಿದೀನಿ ಕಣೇ. ಒಲೆಗೆ ಹಾಕಿದ್ರೆ ಘಾಟೇ ಬರ್ಲಿಲ್ಲ."

"ಘಾಟೇ ಬರ್ಲಿಲ್ವಾ? ಹಾಗಾದ್ರೆ ಗಟ್ಟಿಯಾಗೇ ಬಿದ್ದಿದೆ ದೃಷ್ಟಿ. ಇನ್ನೇನು ನೋಡ್ತಿದೀಯ, ಏಳು, ಆಸ್ಪತ್ರೆಗೆ ಹೋಗೋಣ. ನಾನು ಆಟೋ ಕೂಗ್ತೀನಿ."

ಮೆರೆಸಿದ್ದು ಸುಳ್ಳಲ್ಲ. ಹಿನ್ನೀರಿಗೂ ಸಮುದ್ರಕ್ಕೂ ನಡುವೆ ನಾಲಗೆಯಂತೆ ಚಾಚಿದ ಆ ಮರಳು ಪಟ್ಟಿಯಲ್ಲಿ ಪಾಚುವಿನಷ್ಟು ದಪ್ಪ ಕೂಸು ಇನ್ನೊಂದಿರಲಿಲ್ಲ. ಕೆನ್ನೆಗಳು ಈಸ್ಟರಿಗೆ ಬೇಯಿಸುವ ವಟ್ಟಯಪ್ಪದ ಹಾಗೆ ದುಂಡಗೆ ಉಬ್ಬಿದ್ದವು. ಕತ್ತು ಎಲ್ಲಿದೆಯೆಂದು ಹುಡುಕಬೇಕು. ಇಗರ್ಜಿಯ ಹೆಂಗಸರ ಸಂಘದವರು ಎಳೆಮಕ್ಕಳ ಸ್ಪರ್ಧೆ ಇಟ್ಟಾಗ, ತೂಗುವುದಕ್ಕೆ ಬೇರೇನೂ ಸಿಗದೆ ಶೆಡ್ಡಿನಿಂದ ಸಿಗಡಿಯ ತಕ್ಕಡಿಯನ್ನೇ ತರಿಸಿದ್ದರು. ಪಾಚುವನ್ನು ಅದರ ಮೇಲೆ ಕೂರಿಸಿದಾಗ ಮುಳ್ಳು ಓಡಿದ ಓಟಕ್ಕೆ ಎಲ್ಲರೂ ಬಾಯಿ ಬಿಟ್ಟರು.

"ವರ್ಷವಿಡೀ ಈ ತಕ್ಕಡಿ ಸುಳ್ಳು ಹೇಳತ್ತೆ ಅಂತ ಮಾಲೀಕನ ಜೊತೆ ಜಗಳ ಆಡ್ತೀರ. ಇವತ್ತು ಬ್ರಿಜಿತ್ತನ ಮೊಮ್ಮಗ ಕೂತ ಕೂಡ್ಲೇ ಅದು ಸಂತ ಆಗೋಯ್ತಾ?" ಎಂದು ಮರ್ತ ಕೂಗಿ ಹೇಳಿದ್ದಳು. ನಕ್ಕು ನಕ್ಕು ಎಲ್ಲರಿಗೂ ಕಣ್ಣಲ್ಲಿ ನೀರು. ಮೊದಲ ಬಹುಮಾನ ಪಾಚುವಿಗೇ ಬಂತು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ನಡೆದ ಆ ಹಾದಿಯಷ್ಟು ಸುಖದ ಹಾದಿಯನ್ನು ಬ್ರಿಜಿತ್ತ ಮದುವೆಯ ದಿನವೂ ನಡೆದಿರಲಿಲ್ಲ.

ಆಟೋ ತೆಂಗಿನ ಸಾಲಿನ ನಡುವೆ ಕುಲುಕುತ್ತ ಓಡುತ್ತಿದ್ದಾಗ ಅವಳು ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಆ ಬೆರಳಿಗೆ ಉಸಿರು ಸರಿಯಾಗಿ ತಾಗುತ್ತಲೂ ಇರಲಿಲ್ಲ. ಚರ್ಮ ಅಷ್ಟು ಜಡ್ಡುಗಟ್ಟಿತ್ತು.

ಎರಡು ಜಡೆ ಹಾಕುವ ವಯಸ್ಸಿನಲ್ಲಿ ಸಿಗಡಿಯ ಮುಂದೆ ಕೂತವಳು ಬ್ರಿಜಿತ್ತ. ಐಸಿನ ನೀರು, ಸಿಗಡಿಯ ರಸ, ಚುಚ್ಚುವ ಸಿಪ್ಪೆ. ಬೆರಳ ಸಂದಿಗಳು ಮೊದಲು ಬೆಳ್ಳಗೆ ಮೆತ್ತಗಾಗುತ್ತವೆ, ಆಮೇಲೆ ಸೀಳುತ್ತವೆ, ಆಮೇಲೆ ಬೂಷ್ಟು ಹಿಡಿದು ಕೆಂಪಾಗಿ ಊದಿ ತುರಿಸುತ್ತವೆ. ಉಪ್ಪು ತಾಗಿದರೆ ಪ್ರಾಣ ಹೋದಷ್ಟು ಉರಿ. ಒಂದು ಸಲ ತಡೆಯಲಾರದೆ ಪೇಟೆಯ ಡಾಕ್ಟರ ಬಳಿಗೆ ಹೋದಾಗ ಅವರು ಒಂದು ಟ್ಯೂಬು ಬರೆದುಕೊಟ್ಟಿದ್ದರು. ತೆಳ್ಳಗೆ ಹಚ್ಚಿ, ಒಂದು ವಾರ ಮಾತ್ರ, ಆಮೇಲೆ ಬಂದು ತೋರಿಸಿ, ಬೇರೆ ಕೊಡ್ತೀನಿ ಎಂದಿದ್ದರು. ಬೆಳಿಗ್ಗೆ ಹಚ್ಚಿದರೆ ಸಂಜೆಯ ಹೊತ್ತಿಗೆ ಉರಿ ಮಾಯ! ವಾಸಿಯಾದ ಮೇಲೆ ಡಾಕ್ಟರ ಮುಖ ಯಾಕೆ ನೋಡಬೇಕು? ನೋಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ತುರಿಕೆ ಮತ್ತೆ ಬಂದಾಗ ಖಾಲಿ ಟ್ಯೂಬನ್ನು ಮೆಡಿಕಲ್ ಶಾಪಿನವನ ಮುಂದೆ ಹಿಡಿದಳು, ಅವನು ಹೊಸದು ಕೊಟ್ಟ. ಅಲ್ಲಿಂದ ಅದು ರೂಢಿಯಾಯಿತು. "ಏನು ಚೇಚಿ, ಸೋಪು ಕೊಂಡಂಗೆ ಕೊಳ್ತೀರಲ್ಲ," ಎಂದು ಅವನು ನಗುತ್ತಿದ್ದ.

ಮೊಮ್ಮಗ ಹುಟ್ಟಿದ ಮೇಲೆ ಅವಳು ಶೆಡ್ಡಿಗೆ ಹೋಗುವುದನ್ನು ಬಿಟ್ಟಳು. ಸಿಗಡಿಯೇ ಮನೆಗೆ ಬಂತು. ದಲ್ಲಾಳಿ ಬೆಳಿಗ್ಗೆ ಐಸು ತುಂಬಿದ ಪೆಟ್ಟಿಗೆ ಇಳಿಸಿ ಹೋದರೆ ಮಧ್ಯಾಹ್ನದೊಳಗೆ ಸುಲಿದು ಮುಗಿಸಬೇಕು. ಐಸು ಯಾರಿಗೂ ಕಾಯುವುದಿಲ್ಲ. ಪಕ್ಕದಲ್ಲಿ ಚಾಪೆಯ ಮೇಲೆ ಪಾಚು. ಗಳಿಗೆಗೊಮ್ಮೆ ಬಟ್ಟೆ ಒದ್ದೆ ಮಾಡಿದರೆ ಎದ್ದು ಕೈ ತೊಳೆದು ಬದಲಾಯಿಸುವುದು ಹೇಗೆ? ಆ ಓಣಿಯ ಹೆಂಗಸರಿಗೆಲ್ಲ ಗೊತ್ತಿದ್ದ ಒಂದು ಉಪಾಯವಿತ್ತು. ಸಿಗಡಿ ಪೆಟ್ಟಿಗೆಯೊಳಗೆ ಹಾಸುವ ದಪ್ಪ ಪ್ಲಾಸ್ಟಿಕ್ಕನ್ನು ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಅಳತೆಗೆ ಕತ್ತರಿಸಿ, ಮಗುವಿನ ಬಟ್ಟೆಯ ಮೇಲೆ ಸುತ್ತಿ ಕಟ್ಟಿಬಿಟ್ಟರೆ ಒಂದು ಪೆಟ್ಟಿಗೆ ಮುಗಿಯುವವರೆಗೆ ಚಿಂತೆಯಿಲ್ಲ.

ಹಾಗೆ ಕಟ್ಟಿದ ಕೆಲವು ದಿನಕ್ಕೆ ತೊಡೆಸಂದಿಯಲ್ಲಿ ಕೆಂಪು ಕಂಡಿತು. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಮಗು ಕಾಲು ಅಗಲಿಸಿ ಕಿರುಚುತ್ತಿತ್ತು. ಬ್ರಿಜಿತ್ತಳಿಗೆ ಆ ಕೆಂಪು ಗುರುತಿನದ್ದೇ. ತನ್ನ ಬೆರಳ ಸಂದಿಯಲ್ಲಿ ವರ್ಷಗಟ್ಟಲೆ ಕಂಡದ್ದು. ಟ್ಯೂಬನ್ನು ಹಿಸುಕಿ ದಪ್ಪಗೆ ಬಳಿದಳು. ಸಂಜೆಗೆ ಕೆಂಪಿಲ್ಲ, ಅಳುವಿಲ್ಲ. ಮಗು ಅಜ್ಜಿಯ ಮೂಗು ಹಿಡಿದು ನಕ್ಕಿತು. ಅದರ ಮೇಲೆ ಇನ್ನೇನು ಬೇಕು? ಒಂದು ದಿನ ಬಿಟ್ಟು ನೋಡಿದರೆ ಕೆಂಪು ಹಿಂದಿಗಿಂತ ಜೋರಾಗಿ ಬಂತು; ಹಾಗಾಗಿ ಬಿಡಲಿಲ್ಲ. ಎಣ್ಣೆ ತಿಕ್ಕುವುದು, ಅಡಿಕೆ ಹಾಳೆಯಲ್ಲಿ ಮಲಗಿಸಿ ನೀರು ಹಾಕುವುದು, ಒರೆಸುವುದು, ಟ್ಯೂಬು ಹಚ್ಚುವುದು, ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ಕು. ಟ್ಯೂಬು ಎಣ್ಣೆ ಸೀಸೆ ಮತ್ತು ಸೋಪಿನ ಜೊತೆ ಬಚ್ಚಲ ಗೂಡಿನಲ್ಲಿರುತ್ತಿತ್ತು. ಜಸಿಂತ ಅದನ್ನು ದಿನವೂ ಕಾಣುತ್ತಿದ್ದಳು, ಅಮ್ಮನ ಕೈಗೆ ಹಚ್ಚುವ ಟ್ಯೂಬು ಎಂದುಕೊಂಡಿದ್ದಳು.

ಮಗು ಉಂಡಿತು, ಊದಿತು. ಹಣೆಯ ಮೇಲೆ, ಬೆನ್ನ ಮೇಲೆ ನವಿರಾದ ಕೂದಲು ಬೆಳೆಯಿತು. "ನಿನ್ನ ಗಂಡನ ಕಡೆಯೋರದು ಕರಡಿ ವಂಶ ಕಣೇ," ಎಂದು ಬ್ರಿಜಿತ್ತ ಮಗಳನ್ನು ಕೆಣಕುತ್ತಿದ್ದಳು.

ಆದರೆ ತೊಡೆಸಂದಿಯ ಚರ್ಮ ಈಚೆಗೆ ಅವಳಿಗೆ ಹಿತವೆನಿಸಿರಲಿಲ್ಲ. ಈರುಳ್ಳಿಯ ಒಳಪದರದ ಹಾಗೆ ತೆಳ್ಳಗಾಗಿತ್ತು, ಒಳಗೆ ಕೆಂಪು ದಾರ ಎಳೆದಂತೆ ಗೀರುಗಳು. ಕಳೆದ ಭಾನುವಾರ ಪೂಜೆ ಮುಗಿಸಿ ಬಂದು ಮಗುವಿಗೆ ನೀರು ಹಾಕಿ ಒರೆಸುವಾಗ ಬಟ್ಟೆಗೆ ರಕ್ತ ಹತ್ತಿತು. ಅವಳು ಟ್ಯೂಬಿನ ಮುಚ್ಚಳ ತಿರುಗಿಸಿ ಗೂಡಿನ ಹಿಂದಕ್ಕೆ ತಳ್ಳಿದಳು, ಇನ್ನು ಸಾಕು ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಸೋಪು ಬದಲಾಯಿಸಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ಆಸ್ಪತ್ರೆಯಲ್ಲಿ ಮಗುವನ್ನು ಕೈಯಿಂದ ಕಿತ್ತುಕೊಂಡ ಹಾಗೆ ಒಳಗೆ ಒಯ್ದರು. ಸುದ್ದಿ ತಿಳಿದ ಜಸಿಂತ ಶೆಡ್ಡಿನಿಂದ ಹಾಗೇ ಓಡಿ ಬಂದಳು. ಕಾಲಲ್ಲಿ ರಬ್ಬರ್ ಬೂಟು, ಮೈಮೇಲೆ ಒದ್ದೆ ಏಪ್ರನ್ನು, ತಲೆಗೆ ಕಟ್ಟಿದ ಬಿಳಿ ಟೋಪಿ. ಬಾಗಿಲ ಸಂದಿಯಿಂದ ಮಗನ ಕೈಗೆ ಸೂಜಿ ಚುಚ್ಚುವುದು ಕಾಣುತ್ತಿತ್ತು. ಅಷ್ಟು ಚುಚ್ಚಿದರೂ ಅವನು ಸಣ್ಣಗೆ ನರಳಿದನೇ ಹೊರತು ಕೂಗಲಿಲ್ಲ.

ವಯಸ್ಸಿನ್ನೂ ಚಿಕ್ಕದಾದ ಒಬ್ಬ ಡಾಕ್ಟರಮ್ಮ ಹೊರಗೆ ಬಂದಳು.

"ಮಗುಗೆ ಏನಾದ್ರೂ ಔಷಧಿ ಕೊಡ್ತಿದ್ರಾ?"

"ಇಲ್ಲ ಡಾಕ್ಟರೇ," ಎಂದಳು ಜಸಿಂತ.

"ನಾಟಿ ಔಷಧಿ, ಕಷಾಯ, ಯಾರಾದ್ರೂ ಹೇಳಿದ್ದು, ಏನಾದ್ರೂ?"

"ತುಳಸಿ ನೀರು ಕೂಡ ಕೊಟ್ಟಿಲ್ಲ ಮೋಳೇ," ಎಂದಳು ಬ್ರಿಜಿತ್ತ, ಮಗಳನ್ನು ಕರೆಯುವ ಹಾಗೆ ಕರೆದು. ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಔಷಧಿ ಅಂತ ಒಂದು ತೊಟ್ಟು ಇದರ ಬಾಯಿಗೆ ಬಿದ್ದಿಲ್ಲ. ನೋಡಿದ್ರೆ ಗೊತ್ತಾಗಲ್ವಾ, ಎಷ್ಟು ದಷ್ಟಪುಷ್ಟ."

"ವಾಂತಿ ಆಗಿದೆ, ಜ್ವರ ಇದೆ. ರಕ್ತಕ್ಕೆ ನಂಜು ಏರಿರಬಹುದು. ನೋಡ್ತಿದೀವಿ," ಎಂದು ಅವಳು ಒಳಗೆ ಹೋದಳು.

ನೋಡುತ್ತಲೇ ಇದ್ದರು. ಸೀಸೆಯಿಂದ ನೀರು ಇಳಿಯಿತು, ಸಕ್ಕರೆ ನೀರು ಹಾಕಿದರು, ನಂಜಿನ ಔಷಧಿ ಹಾಕಿದರು. ಮಗು ಚೇತರಿಸಿಕೊಳ್ಳಲಿಲ್ಲ. ನರ್ಸುಗಳು ಮೊದಲು ನಡೆಯುತ್ತಿದ್ದರು, ಆಮೇಲೆ ಓಡತೊಡಗಿದರು. ಆಸ್ಪತ್ರೆಯಲ್ಲಿ ಕೂತವರಿಗೆ ಅದೊಂದು ಸಾಕು, ಬೇರೆ ಮಾತು ಬೇಡ. ಬ್ರಿಜಿತ್ತ ಜಪಮಾಲೆ ತೆಗೆದಳು. ಮಣಿಗಳು ಬೆರಳ ಸೀಳಿಗೆ ಸಿಕ್ಕಿ ಸಿಕ್ಕಿ ನಿಲ್ಲುತ್ತಿದ್ದವು; ಒಂದು ಪ್ರಾರ್ಥನೆಯೂ ಕೊನೆ ಮುಟ್ಟಲಿಲ್ಲ. ಮಾತೆಯೇ, ದೃಷ್ಟಿಯಾಗಿದ್ದರೆ ಅದು ನನ್ನ ಜಂಭಕ್ಕೆ ಆದದ್ದು, ಕೂಸಿನ ಮೇಲೆ ಯಾಕೆ? ನನ್ನನ್ನು ತಗೋ. ಈ ಮುದಿ ದೇಹವನ್ನು ಯಾವ ತಕ್ಕಡಿಗೆ ಬೇಕಾದರೂ ಹಾಕು.

ಮತ್ತೆ ಬಂದದ್ದು ದೊಡ್ಡ ಡಾಕ್ಟರು, ಕುರುವಿಳ. ನೆರೆತ ತಲೆ, ದಣಿದ ಕಣ್ಣು. ಬೇರೆ ವಾರ್ಡಿನಿಂದ ಆಗಷ್ಟೇ ಬಂದವರು.

"ತಾಯಿ ಯಾರು? ನೋಡಮ್ಮ, ರಕ್ತದ ಒತ್ತಡ ನಿಲ್ತಾ ಇಲ್ಲ. ಸಕ್ಕರೆ ಏರ್ಸಿದ್ರೆ ಇಳೀತಾ ಇದೆ. ನಗರದ ದೊಡ್ಡ ಆಸ್ಪತ್ರೆಗೆ ಕಳಿಸ್ತೀವಿ. ಆಂಬ್ಯುಲೆನ್ಸ್ ತಯಾರಾಗ್ತಿದೆ."

"ಅಲ್ಲಿವರೆಗೂ..." ಎಂದು ಜಸಿಂತ ಮಾತು ನಿಲ್ಲಿಸಿದಳು.

ಡಾಕ್ಟರು ಆಂಬ್ಯುಲೆನ್ಸಿನ ಕಾಗದಕ್ಕೆ ಸಹಿ ಹಾಕಲು ತಿರುಗಿದರು. ಜಸಿಂತ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

ಮಗುವನ್ನು ಹೊರಡಿಸಲು ಒಬ್ಬರು ಬೇಕಾಗಿತ್ತು. ನರ್ಸು ಬ್ರಿಜಿತ್ತಳನ್ನೇ ಒಳಗೆ ಕರೆದಳು. "ಅಮ್ಮಚ್ಚಿ, ಬಟ್ಟೆ ಒದ್ದೆಯಾಗಿದೆ, ಬೇಗ ಬದಲಾಯಿಸಿ ಸುತ್ತಿ ಕೊಡಿ. ಕೈಯಲ್ಲಿರೋ ಸೂಜಿ ಅಲುಗಬಾರದು."

ಬ್ರಿಜಿತ್ತ ಬಟ್ಟೆ ಬಿಚ್ಚಿದಳು. ಟ್ಯೂಬು ನಿಲ್ಲಿಸಿದ ಮೇಲೆ ತೊಡೆಸಂದಿ ಕೆಂಡದಂತೆ ಕೆಂಪೇರಿ ಅಂಚಿನವರೆಗೆ ಹರಡಿತ್ತು, ಒಂದೆರಡು ಕಡೆ ಕಿತ್ತು ಬಂದಿತ್ತು. ನಗರದ ದಾರಿ ಉದ್ದ. ದಾರಿಯುದ್ದ ಕುಲುಕಾಟ. ಅಜ್ಜಿಯ ಮನಸ್ಸು; ಸಾವು ಬಾಗಿಲಲ್ಲಿ ನಿಂತಿದ್ದರೂ ಕೂಸಿಗೆ ಉರಿಯಬಾರದು ಎಂದಷ್ಟೇ ಅವಳಿಗೆ ತೋಚಿತು.

"ಸಿಸ್ಟರೇ, ನಿಮ್ಮ ಹತ್ರ ಆ ಟ್ಯೂಬು ಒಂದು ಚೂರು ಇದ್ರೆ ಕೊಡಿ. ಹಚ್ಚಿ ಕಟ್ತೀನಿ, ಪಾಪ, ದಾರೀಲಿ ಉರಿಯತ್ತೆ."

"ಯಾವ ಟ್ಯೂಬು?"

"ನಾನು ದಿನಾ ಹಚ್ತಿದ್ನಲ್ಲ. ನನ್ನ ಕೈದು. ನಿಲ್ಸಿದ್ದೇ ತಪ್ಪಾಯ್ತು ಅನ್ಸತ್ತೆ, ನೋಡಿ ಹೇಗಾಗಿದೆ."

ನರ್ಸು ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ, "ಡಾಕ್ಟರೇ!" ಎಂದು ಕೂಗಿದ ಕೂಗಿಗೆ ಹೊರಗಿದ್ದ ಮರ್ತ ಎದ್ದು ನಿಂತಳು.

ಕುರುವಿಳ ಡಾಕ್ಟರು ಓಡಿ ಬಂದರು. ತೊಡೆಸಂದಿಯ ಮಡಿಕೆ ಬಿಡಿಸಿ ಕೆಂಪಿನಡಿಯ ಗೀರುಗಳನ್ನು ನೋಡಿದರು. ಹೊಟ್ಟೆ ನೋಡಿದರು. ದುಂಡು ಕೆನ್ನೆ ನೋಡಿದರು. ಹಣೆಯ ನವಿರು ಕೂದಲನ್ನು ಹೆಬ್ಬೆರಳಿನಿಂದ ಸವರಿದರು. ಅವರ ಮುಖ ಬದಲಾಯಿತು.

"ಎಷ್ಟು ಕಾಲದಿಂದ ಹಚ್ತಿದೀರಿ?"

"ಇವನು ಮಗುಚಿಕೊಳ್ಳೋಕೂ ಮುಂಚಿನಿಂದ."

"ದಿನಾ?"

"ನೀರು ಹಾಕಿದಾಗಲೆಲ್ಲ. ಬಟ್ಟೆ ಬದಲಾಯಿಸುವಾಗ ಕೆಂಪು ಕಂಡ್ರೆ ಇನ್ನೊಂದ್ಸಲ."

"ಮೇಲೆ ಏನಾದ್ರೂ ಸುತ್ತುತ್ತಿದ್ರಾ?"

"ಬಟ್ಟೆ. ಅದರ ಮೇಲೆ ಪ್ಲಾಸ್ಟಿಕ್ಕು."

"ನಿಲ್ಸಿದ್ದು ಯಾವಾಗ?"

"ಹೋದ ಭಾನುವಾರ. ರಕ್ತ ಕಂಡು ಹೆದರಿಬಿಟ್ಟೆ."

"ನಾನು ಕೇಳಿದ್ನಲ್ಲಾ!" ಚಿಕ್ಕ ಡಾಕ್ಟರಮ್ಮನ ದನಿ ಒಡೆಯಿತು. "ಎರಡು ಸಲ ಕೇಳಿದೆ, ಔಷಧಿ ಏನಾದ್ರೂ ಕೊಟ್ರಾ ಅಂತ!"

"ಔಷಧಿ ಕೇಳಿದ್ರಿ ಮೋಳೇ," ಎಂದಳು ಬ್ರಿಜಿತ್ತ. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಇದು ಔಷಧಿ ಅಲ್ವಲ್ಲ. ಮಗುಗೆ ನೀರು ಹಾಕೋ ಸಾಮಾನು. ಸೋಪಿನ ಜೊತೆ ಇಡೋದು."

ಡಾಕ್ಟರು ಆಗಲೇ ಒಂದು ಇಂಜೆಕ್ಷನ್ನಿನ ಹೆಸರು ಹೇಳಿಯಾಗಿತ್ತು. "ಆಂಬ್ಯುಲೆನ್ಸ್ ನಿಲ್ಲಲಿ. ಇದನ್ನ ಕೊಡದೆ ಕಳ್ಸಿದ್ರೆ ಮಗು ದಾರೀಲೇ ಹೋಗತ್ತೆ. ಅಮ್ಮಚ್ಚಿ, ನೀವು ಹೊರಗಿರಿ."

ಹೊರಗೆ ಜಸಿಂತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಮ್ಮ ಬಾಗಿಲು ದಾಟುತ್ತಿದ್ದಂತೆ ಎದ್ದು ನಿಂತಳು. ಅವಳ ಕೈಗಳು ಸಿಗಡಿಯ ವಾಸನೆ ಬೀರುತ್ತಿದ್ದವು.

"ನಿನ್ನ ಕೈಗೆ ಹಚ್ಚೋದನ್ನ ನನ್ನ ಮಗುಗೆ ಹಚ್ಚಿದ್ಯಾ?"

"ಉರಿ ಅಂತ ಅಳ್ತಿತ್ತು ಕಣೇ..."

"ಮಗು ಅಂದ್ಮೇಲೆ ಅಳತ್ತೆ! ಅಳ್ಲಿ ಅಂತ ಬಿಡ್ಬೇಕಿತ್ತು! ನನಗೆ ಹೇಳ್ಬೇಕಿತ್ತು! ಇವತ್ತು ಅಳು ಅಂದ್ರೆ ಅಳ್ತಿಲ್ವಲ್ಲಮ್ಮಾ!" ಜಸಿಂತ ತಲೆಯ ಟೋಪಿ ಕಿತ್ತು ನೆಲಕ್ಕೆಸೆದಳು. "ಕ್ಲೀಟಸ್ ಬಂದು ಮಗ ಎಲ್ಲಿ ಅಂದ್ರೆ ಏನು ಹೇಳ್ಲಿ? ಹೇಳು. ನನ್ನಮ್ಮ ಪ್ರೀತಿ ಮಾಡಿದ್ಲು ಅನ್ಲಾ?"

"ಜಸಿಂತಾ, ಮೆಲ್ಲಗೆ ಮೋಳೇ," ಎಂದು ಮರ್ತ ನಡುವೆ ಬಂದಳು. "ಗೊತ್ತಿದ್ದು ಮಾಡಿದ್ಲಾ? ನಾನೂ ನನ್ನ ಮಗಳ ಕೂಸಿಗೆ ಅದನ್ನೇ..." ಎಂದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಮುಖದ ರಕ್ತ ಇಳಿಯಿತು. ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಉಟ್ಟ ಮುಂಡಿನ ಅಂಚು ಎತ್ತಿ ಹಿಡಿದು ಆಸ್ಪತ್ರೆಯ ಮೆಟ್ಟಿಲಿಳಿದು ಓಡಿದಳು, ಮಗಳ ಮನೆಯ ಕಡೆಗೆ.

ಬ್ರಿಜಿತ್ತ ಬೆಂಚಿನ ತುದಿಯಲ್ಲಿ ಕೂತು ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು. ಮಗಳನ್ನು ಹೆತ್ತಾಗ ಹಿಡಿದ ಕೈ, ಗಂಡನ ಕಣ್ಣು ಮುಚ್ಚಿದ ಕೈ, ಲೆಕ್ಕವಿಲ್ಲದಷ್ಟು ಸಿಗಡಿ ಸುಲಿದು ಮನೆ ನಿಲ್ಲಿಸಿದ ಕೈ. ಒಳಗಿಂದ ಯಾರಾದರೂ ಬಂದು 'ಹೋಯಿತು' ಎಂದರೆ ತಾನು ಈ ಬೆಂಚಿನಿಂದ ಎದ್ದು ಎಲ್ಲಿಗೆ ಹೋಗಬೇಕು? ಆ ಮನೆಗೆ ಹೋಗಲಾಗದು. ಹಿನ್ನೀರು ಹತ್ತಿರವೇ ಇತ್ತು. ಆ ಯೋಚನೆ ಬಂದದ್ದಕ್ಕೆ ಅವಳು ಹೆದರಲೂ ಇಲ್ಲ. ಬಾಗಿಲನ್ನೇ ನೋಡುತ್ತ ಕೂತಳು.

ಬಿಸಿಲು ಅಂಗಳ ದಾಟಿ ವರಾಂಡದ ಕಂಬ ಹತ್ತಿತು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಏಳುವರು, ಬೇರೆ ಯಾರದೋ ಹೆಸರು ಕೂಗಿದರೆ ಕೂರುವರು. ಒಮ್ಮೆ ಚಿಕ್ಕ ಡಾಕ್ಟರಮ್ಮ ತಲೆ ಹೊರಹಾಕಿ, "ಒತ್ತಡ ಸ್ವಲ್ಪ ಏರ್ತಿದೆ. ಈಗಲೇ ಏನೂ ಹೇಳೋಕಾಗಲ್ಲ," ಎಂದು ಹೋದಳು. ಏರ್ತಿದೆ ಎಂಬ ಮಾತನ್ನು ಜಸಿಂತ ಬಾಯಲ್ಲೇ ಹಲವು ಸಲ ಹೇಳಿಕೊಂಡಳು.

ಕೊನೆಗೆ ನರ್ಸು ಬಂದು ಜಸಿಂತಳ ಭುಜ ಮುಟ್ಟಿದಳು. "ಬನ್ನಿ. ಬಾಯಿ ಚಪ್ಪರಿಸ್ತಿದಾನೆ. ಹಾಲು ಕೊಟ್ಟು ನೋಡೋಣ ಅಂದ್ರು ಡಾಕ್ಟರು. ಮೊದ್ಲು ಕೈ ಎದೆ ಚೆನ್ನಾಗಿ ತೊಳ್ಕೊಳಿ, ಇಡೀ ವಾರ್ಡಿಗೆ ಸಿಗಡಿ ಪಲ್ಯದ ವಾಸನೆ."

ಜಸಿಂತ ನಗುತ್ತಲೋ ಅಳುತ್ತಲೋ ಒಳಗೆ ಓಡಿದಳು. ಬ್ರಿಜಿತ್ತ ಎದ್ದಳು, ಆದರೆ ಬಾಗಿಲ ತನಕ ಹೋಗಲಿಲ್ಲ. ತನ್ನನ್ನು ಯಾರೂ ಕರೆದಿರಲಿಲ್ಲ.

ಪಾಚು ಉಳಿದ. ಆದರೆ ಮನೆಗೆ ಹೊರಡುವ ಮಾತು ಬರಲು ಬಹಳ ದಿನ ಹಿಡಿಯಿತು. ಅಷ್ಟು ದಿನವೂ ಬ್ರಿಜಿತ್ತ ಗಂಜಿ ಹೊತ್ತು ತರುತ್ತಿದ್ದಳು, ವಾರ್ಡಿನ ಹೊರಗೆ ಕೂರುತ್ತಿದ್ದಳು. ಜಸಿಂತ ಪಾತ್ರೆ ತೆಗೆದುಕೊಳ್ಳುತ್ತಿದ್ದಳು. ಕೂಸನ್ನು ಮಾತ್ರ ಅಮ್ಮನ ಕೈಗೆ ಕೊಡುತ್ತಿರಲಿಲ್ಲ.

ಹೊರಡುವ ಮುನ್ನಾದಿನ ಕುರುವಿಳ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡರು. ಬ್ರಿಜಿತ್ತ ಮನೆಯಿಂದ ತಂದುಕೊಟ್ಟಿದ್ದ ಹಳೆಯ ಟ್ಯೂಬು ಅವರ ಮೇಜಿನ ಮೇಲಿತ್ತು.

"ಅಮ್ಮಚ್ಚಿ, ಇದು ಕೆಟ್ಟ ಔಷಧಿ ಅಲ್ಲ. ಆದ್ರೆ ಔಷಧಿ. ಇದರೊಳಗೆ ಇಬ್ಬರಿದಾರೆ. ಒಬ್ಬ ಬೂಷ್ಟು ಕೊಲ್ಲೋನು, ನಿಧಾನಸ್ಥ. ಇನ್ನೊಬ್ಬ ಉರಿ ಆರಿಸೋನು, ಭಾರಿ ಜೋರು. ನಿಮಗೆ ಸಂಜೆಗೇ ಹಿತ ಆಗ್ತಿತ್ತಲ್ಲ, ಅದು ಎರಡನೆಯವನ ಕೆಲಸ. ಬೂಷ್ಟು ಒಳಗೆ ಹಾಗೇ ಇರತ್ತೆ, ಕೆಂಪು ಮಾತ್ರ ಮುಚ್ಚಿಹೋಗತ್ತೆ. ಆ ಎರಡನೆಯವನನ್ನ ನೆಂಟನ ಹಾಗೆ ಕರೀಬೇಕು. ದೊಡ್ಡವರಿಗೆ, ಉರಿ ಜಾಸ್ತಿ ಇದ್ದಾಗ, ಡಾಕ್ಟರು ಹೇಳಿದಷ್ಟು ದಿನ ಇಟ್ಕೊಂಡು ಕಳಿಸ್ಬೇಕು. ಮನೆ ಅಳಿಯನ ಹಾಗೆ ಖಾಯಂ ಇಟ್ಕೊಂಡ್ರೆ..."

"ಮನೇನೇ ನುಂಗ್ತಾನೆ," ಎಂದಳು ಬ್ರಿಜಿತ್ತ, ತಲೆ ಎತ್ತದೆ.

"ಹೌದು. ಅದರಲ್ಲೂ ಎಳೆ ಚರ್ಮ, ಮೇಲೆ ಪ್ಲಾಸ್ಟಿಕ್ಕು ಕಟ್ಟಿ ಬೇಯಿಸಿದ ಹಾಗೆ ಮಾಡಿದ್ರಿ. ಹಚ್ಚಿದ್ದೆಲ್ಲ ರಕ್ತಕ್ಕೆ ಇಳೀತು. ದಪ್ಪ ಆದದ್ದು ಅದರಿಂದ, ಹಾಲಿನಿಂದಲ್ಲ. ಉರಿ ಆರಿಸೋ ಅಂಥದೇ ಒಂದು ರಸವನ್ನ ಮೈ ತಾನೇ ತಯಾರಿಸ್ಕೊಳ್ಳತ್ತೆ ಅಮ್ಮಚ್ಚಿ, ಜ್ವರ ಬಂದಾಗ ಜೀವ ಹಿಡಿದಿಡೋದು ಅದೇ. ಹೊರಗಿಂದ ಬರ್ತಾ ಇದ್ರೆ ಮೈ ತನ್ನ ಒಲೆ ಆರಿಸಿ ಮಲಗಿಬಿಡತ್ತೆ. ನೀವು ತಟ್ಟಂತ ನಿಲ್ಸಿದ್ರಿ. ಒಲೆ ಹೊತ್ತಿರಲಿಲ್ಲ, ಅಷ್ಟರಲ್ಲಿ ಜ್ವರ ಬಂತು. ಈಗ ಬಾಯಿಗೆ ಕೊಡೋ ಔಷಧೀನ ನಾನು ಮೆಲ್ಲಮೆಲ್ಲಗೆ ಇಳಿಸ್ತೀನಿ. ನಾನು ಹೇಳದೆ ಒಂದು ಹೊತ್ತೂ ತಪ್ಪಿಸ್ಬೇಡಿ. ಜ್ವರ, ವಾಂತಿ ಬಂದ್ರೆ ದೃಷ್ಟಿ ತೆಗೀತಾ ಕೂರ್ಬೇಡಿ, ಎತ್ಕೊಂಡು ಓಡಿ ಬನ್ನಿ. ಬಂದ ಕೂಡ್ಲೇ ಇದನ್ನ ಹೇಳಿ, ಯಾರು ಕೇಳ್ಲಿ ಬಿಡ್ಲಿ."

ಆಮೇಲೆ ಒಂದು ಚಿಕ್ಕ ಹೊಸ ಟ್ಯೂಬನ್ನು ಮುಂದಿಟ್ಟರು. "ಇದರಲ್ಲಿ ಬೂಷ್ಟು ಕೊಲ್ಲೋನು ಒಬ್ಬನೇ ಇರೋದು. ತೊಳೆದು, ಮಡಿಕೆ ಬಿಡಿಸಿ, ಪೂರ್ತಿ ಒಣಗಿಸಿ, ತೆಳ್ಳಗೆ ಹಚ್ಚಿ. ಕೆಂಪು ಹೋಯ್ತು ಅಂತ ಮಾರನೇ ದಿನವೇ ಬಿಡೋದಲ್ಲ, ನಾನು ನೋಡಿ ಹೇಳೋವರೆಗೆ ಹಚ್ಚಬೇಕು. ಪ್ಲಾಸ್ಟಿಕ್ಕು ಮನೆಯೊಳಗೇ ಬೇಡ. ಬನ್ನಿ ಜಸಿಂತ, ಹೇಗೆ ಹಚ್ಚೋದು ತೋರಿಸ್ತೀನಿ."

ಜಸಿಂತ ಎದ್ದಳು. ಎದ್ದವಳು ನಿಂತಳು. ನಾಳಿದ್ದಿನಿಂದ ಶೆಡ್ಡಿಗೆ ಹೋಗದಿದ್ದರೆ ಮನೆಯ ಒಲೆ ಹೊತ್ತುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕ್ಲೀಟಸ್‌ನ ಬೋಟು ಇನ್ನೂ ದಡ ಮುಟ್ಟಿರಲಿಲ್ಲ.

"ಅಮ್ಮನಿಗೆ ತೋರ್ಸಿ ಡಾಕ್ಟರೇ," ಎಂದಳು, ಅಮ್ಮನ ಕಡೆ ನೋಡದೆ. "ನೀರು ಹಾಕೋದು ಅವಳೇ."

ಬ್ರಿಜಿತ್ತಳಿಗೆ ಕೇಳಿದ್ದು ನಿಜವೋ ಎಂದು ತಿಳಿಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಚಾಚಿದಳು. ಡಾಕ್ಟರು ಆ ಕೈಯನ್ನು ಹಿಡಿದು ಬೆರಳುಗಳನ್ನು ಅಗಲಿಸಿ ಕಿಟಕಿಯ ಬೆಳಕಿಗೆ ತಿರುಗಿಸಿದರು. ಸಂದಿಗಳು ಬೆಳ್ಳಗೆ ಸೀಳಿ, ಒಳಗೆ ಹಸಿ ಕೆಂಪು.

"ಈ ಕೈಯಿಂದ ಬೇಡ," ಎಂದರು ಮೆಲ್ಲಗೆ. "ಬೂಷ್ಟು ಇಲ್ಲೂ ಇದೆ. ನೀವು ಮಗುಗೆ ಕೊಡ್ತೀರಿ, ಅವನು ನಿಮಗೆ ಕೊಡ್ತಾನೆ. ಮೊದ್ಲು ಇದು ವಾಸಿಯಾಗ್ಲಿ. ನಿಮಗೆ ಬೇರೆ ಟ್ಯೂಬು, ಅವನಿಗೆ ಬೇರೆ. ಕೈ ಒಣಗಿರ್ಬೇಕು. ಅಲ್ಲೀವರೆಗೂ ಸಿಗಡಿ ಮುಟ್ಟಬೇಡಿ."

ಸಿಗಡಿ ಮುಟ್ಟಬೇಡಿ. ಆ ಮಾತನ್ನು ಅವಳಿಗೆ ಹುಟ್ಟಿದಾರಭ್ಯ ಯಾರೂ ಹೇಳಿರಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆಳೆದು ಸೆರಗಿನೊಳಗೆ ಮುಚ್ಚಿಕೊಂಡಳು. ಮುಖವನ್ನು ಎಲ್ಲಿ ಮುಚ್ಚಿಕೊಳ್ಳುವುದೆಂದು ತಿಳಿಯಲಿಲ್ಲ.

ಜಸಿಂತ ತಾನೇ ಪಾಚುವಿನ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಮಲಗಿಸಿದಳು. ನರ್ಸು ಒರೆಸಿ ಒಣಗಿಸಿ ತೋರಿಸಿದಳು. ಜಸಿಂತ ಟ್ಯೂಬಿನ ಮುಚ್ಚಳ ತೆಗೆದು, ಇಷ್ಟು ದಿನ ಸಿಗಡಿ ಮುಟ್ಟದೆ ಒಣಗಿದ್ದ ಬೆರಳಿನ ಮೇಲೆ ಹಿಸುಕಿದಳು. ಅವಳಿಗೂ ಅಮ್ಮನದೇ ಧಾರಾಳ. ಬೆರಳ ತುಂಬ ಬಂತು.

ಬ್ರಿಜಿತ್ತ ತಡೆಯಲಾರದೆ ಹತ್ತಿರ ಬಂದಳು. ಮುಟ್ಟಲಿಲ್ಲ. ಕೈ ಸೆರಗಿನೊಳಗೇ ಇತ್ತು.

"ಕಮ್ಮಿ," ಎಂದಳು.

ಜಸಿಂತ ಅರ್ಧ ತೆಗೆದು ಒರೆಸಿ, ಅಮ್ಮನ ಮುಖ ನೋಡಿದಳು.

"ಇನ್ನೂ ಕಮ್ಮಿ, ಮೋಳೇ."